ದಾಸಣ್ಣನ ಸಕ್ಕರೆ ಕಾಯಿಲೆ

ಹೆಣಕ್ಕೆ ನೀರು ಹಾಕಲು ದೊಡ್ಡ ಪಾತ್ರೆ ಹುಡುಕುತ್ತ ಅಡುಗೆಮನೆಗೆ ನುಗ್ಗಿದ ಕಾಟಲಿಂಗಪ್ಪ, ಮೂಲೆಯಲ್ಲಿದ್ದ ಬಿಳಿ ಥರ್ಮೋಕೋಲ್ ಡಬ್ಬದ ಮುಚ್ಚಳ ಎತ್ತಿದ. ಒಳಗೆ ಹಳೇ ಸೀರೆಯ ಗಂಟು. ಬಿಚ್ಚಿದರೆ ಇನ್ನೊಂದು ಸೀರೆ. ಅದನ್ನೂ ಸರಿಸಿ, ಒಳಗಿದ್ದ ಪಾತ್ರೆಯ ತಟ್ಟೆ ತೆಗೆದದ್ದೇ ತಡ, ಬಿಸಿ ಹಬೆ ಅವನ ಕನ್ನಡಕವನ್ನೆಲ್ಲ ಮುಚ್ಚಿಕೊಂಡಿತು.

“ಯಾರ್ರೀ ಈ ಮನೇಲಿ ಒಲೆ ಹಚ್ಚಿದ್ದು?”

ನಡುಮನೆಯಲ್ಲಿ ಅಳುತ್ತಿದ್ದವರು ಅಳು ನಿಲ್ಲಿಸಿದರು. ಸತ್ತವರ ಮನೆಯಲ್ಲಿ ಹೆಣ ಎತ್ತುವ ತನಕ ಒಲೆ ಉರಿಯಬಾರದು. ಇದು ಐಮಂಗಲದಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಿಗೆ ತಿಳಿಸಿಕೊಡುವ ಕೆಲಸವನ್ನು ಕಾಟಲಿಂಗಪ್ಪ ಬಹಳ ವರ್ಷಗಳಿಂದ ತಾನೇ ವಹಿಸಿಕೊಂಡಿದ್ದ. ಸತ್ತ ದಾಸಣ್ಣನಿಗೆ ಅವನು ದೊಡ್ಡಪ್ಪನ ಮಗ. ಸಾವಿನ ಮನೆಯಲ್ಲಿ ಅವನ ಮಾತಿನ ಮೇಲೆ ಇನ್ನೊಬ್ಬರ ಮಾತು ನಡೆಯುತ್ತಿರಲಿಲ್ಲ.

ಪಕ್ಕದ ಮನೆಯ ಖಾತುನ್ ಬೀ ಗ್ಯಾಸ್ ಒಲೆಯ ಮೇಲೆ ಅಂಗೈ ಇಟ್ಟು ನೋಡಿದಳು.

“ಒಲೆ ತಣ್ಣಗೈತೆ ಅಣ್ಣ. ನೀವೇ ಮುಟ್ಟಿ ನೋಡ್ರಿ.”

“ಮತ್ತೆ ಇದು ಹೆಂಗೆ ಕುದೀತೈತೆ?”

“ಇದು ದಾಸಣ್ಣನ ಡಬ್ಬ ಅಲ್ವಾ! ಒಲೆ ಮೇಲೆ ಒಂದು ಕುದಿ ಬರ್ಸಿ ಇದ್ರೊಳಗೆ ಇಟ್ಬಿಟ್ರೆ ತಾನೇ ಬೇಯ್ತೈತೆ. ಗ್ಯಾಸ್ ಉಳೀತೈತೆ ಅಂತ ಮೊಬೈಲ್ ನೋಡ್ಕಂಡು ಮಾಡಿದ್ದ್ರು. ನಂಗೂ ಒಂದು ಮಾಡ್ಕೊಡ್ತೀನಿ ಅಂದಿದ್ದ್ರು.”

ಅಡುಗೆಮನೆಯ ಬಾಗಿಲಲ್ಲಿ ಜನ ಸೇರಿತು. ದಾಸಣ್ಣ ಬದುಕಿದ್ದಾಗ ಈ ಡಬ್ಬದ ಬಗ್ಗೆ ನಕ್ಕವರೇ ಹೆಚ್ಚು. ತೆರೆದು ನೋಡಿದವರು ಯಾರೂ ಇರಲಿಲ್ಲ. ಮಾರಿಕಣಿವೆಯ ಮೀನು ಮಾರುವವನು ಎಸೆದ ಐಸಿನ ಡಬ್ಬ ಅದು. ಒಬ್ಬ ಸೀರೆಯ ಗಂಟು ಮುಟ್ಟಿ ನೋಡಿದ. ಇನ್ನೊಬ್ಬ ಬಗ್ಗಿ ಮೂಸಿದ. ನವಣೆ, ಹೆಸರುಬೇಳೆ, ನುಗ್ಗೆಸೊಪ್ಪು ಸೇರಿ ಹದವಾಗಿ ಬೆಂದ ವಾಸನೆ.

“ಒಲೆ ಮೇಲಿಟ್ಟಾಗ ದಾಸಣ್ಣ ಬದುಕಿದ್ದ. ಅಂದ್ಮೇಲೆ ತಪ್ಪಿಲ್ಲ ಬಿಡು,” ಎಂದ ಎದುರುಮನೆಯ ಹನುಮಂತಯ್ಯ.

“ಇಟ್ಟಾಗ ಬದುಕಿದ್ದ ಕಣಯ್ಯ. ಬೆಂದದ್ದು ಯಾವಾಗ? ಸತ್ತ ಮೇಲೆ ತಾನೇ?” ಎಂದ ಕಾಟಲಿಂಗಪ್ಪ.

ಹನುಮಂತಯ್ಯನಿಗೇಕೆ, ಅವನ ಹಿರಿಯರಿಗೂ ಇಂಥ ಪ್ರಶ್ನೆ ಎದುರಾಗಿರಲಿಲ್ಲ. ಬೆಂಕಿ ಆರಿದ ಮೇಲೆ ಬೇಯುವ ಅನ್ನವನ್ನು ಅವರು ಕಂಡಿದ್ದರೆ ತಾನೇ ಅದಕ್ಕೊಂದು ನಿಯಮ ಮಾಡುತ್ತಿದ್ದುದು! ಕಾಟಲಿಂಗಪ್ಪ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡ.

“ಸೂತಕದ ಮನೇಲಿ ಬೆಂದ ಅನ್ನ. ತಿಪ್ಪೆಗೆ ಹಾಕ್ರಿ,” ಎಂದು ತೀರ್ಪು ಕೊಟ್ಟ.

ನಡುಮನೆಯಲ್ಲಿ ದಾಸಣ್ಣನನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಜಾರದ ಹಾಗೆ ಪಂಚೆಯಿಂದ ಕಟ್ಟಿದ್ದರು. ಕುರ್ಚಿಯ ಪಕ್ಕ ನೆಲದ ಮೇಲೆ ಅವನ ಹೆಂಡತಿ ಹೊನ್ನಕ್ಕ ಕೂತಿದ್ದಳು. ಅನ್ನದ ಪಾತ್ರೆ ತನ್ನ ಮುಂದೆಯೇ ಹಾದು ಹಿತ್ತಲಿಗೆ ಹೋಗುವುದನ್ನು ನೋಡಿದಳು. ಆ ಅನ್ನವನ್ನು ಅವಳು ಇಷ್ಟು ಹೊತ್ತಿಗೆ ತಿಂದಿರಬೇಕಿತ್ತು. ತಿನ್ನದಿದ್ದರೆ ಏನಾಗುತ್ತದೆಂಬುದು ಆ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅದರಲ್ಲೊಬ್ಬ ಕುರ್ಚಿಯಲ್ಲಿದ್ದ.

* * *

ಬೆಳಿಗ್ಗೆ ಎಂದಿನ ಹಾಗೇ ಇತ್ತು. ದಾಸಣ್ಣ ಅವಳ ಬೆರಳ ತುದಿಗೆ ಸೂಜಿ ಚುಚ್ಚಿ, ಹನಿ ರಕ್ತವನ್ನು ಅಂಗೈಯಗಲದ ಮಿಷನ್ನಿಗೆ ಮುಟ್ಟಿಸಿ, ಕಣ್ಣು ಕಿರಿದು ಮಾಡಿ ನೋಡಿದ.

“ನಿನ್ನೆಗಿಂತ ವಾಸಿ ಕಣೇ ಹೊನ್ನಿ.”

“ವಾಸಿಯಾಗ್ದೆ ಏನು? ಕೋಳಿ ತಿನ್ನೋ ಕಾಳೆಲ್ಲ ನಂಗೇ ತಿನ್ನಿಸ್ತಿದ್ದೀರಲ್ಲ.”

ಅವನು ನಗುತ್ತ ಇನ್ಸುಲಿನ್ ಕೊಟ್ಟ. ಅವಳು ಎಂದಿನ ಹಾಗೆ ಮುಖ ಆ ಕಡೆ ತಿರುಗಿಸಿಕೊಂಡಳು. ಕುದಿಯುತ್ತಿದ್ದ ಪಾತ್ರೆಯನ್ನು ಸೀರೆಯಲ್ಲಿ ಸುತ್ತಿ ಡಬ್ಬದೊಳಗಿಟ್ಟು, ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರುತ್ತೇನೆಂದು ಬೂಟು ಕಟ್ಟಿಕೊಂಡ.

“ಬಂದ್ಬಿಟ್ಟೆ. ಒಟ್ಟಿಗೆ ತಿನ್ನಾಣ. ಆಮೇಲೆ ತಿಂತೀನಿ ಅಂತ ಕೂರಬೇಡ, ಸೂಜಿ ಒಳಗೆ ಹೋಗೈತೆ.”

ಹೇಳಿದ ಹಾಗೇ ಬೇಗ ಬಂದ. ಜಗಲಿಯ ಮೇಲೆ ಕೂತು ಬೂಟು ಬಿಚ್ಚತೊಡಗಿದ. ಅವಳು ಎರಡು ತಟ್ಟೆ ತೊಳೆದು ಹೊರಗೆ ಬಂದಾಗ ಒಂದು ಬೂಟು ಬಿಚ್ಚಿತ್ತು, ಒಂದು ಕಾಲಿನಲ್ಲೇ ಇತ್ತು. ದಾಸಣ್ಣ ಕಂಬಕ್ಕೆ ಒರಗಿ ರಸ್ತೆಯ ಕಡೆ ನೋಡುತ್ತಿದ್ದ. ಎರಡು ಸಲ ಕರೆದ ಮೇಲೆ ಅವಳಿಗೆ ಗೊತ್ತಾಯಿತು. ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಹೇಳದೆ ಕೇಳದೆ ಹೀಗೆ ಎದ್ದು ಹೋಗುವುದೆಂದರೇನು ಎಂದು ಅವಳಿಗೆ ರೇಗಿಹೋಯಿತು.

* * *

ಮಗಳು ಅನುಸೂಯ ಚಿಕ್ಕಜಾಜೂರಿನಿಂದ ಹೊರಟಿದ್ದಳು. ಅವಳ ಗಂಡನಿಗೆ ಅಲ್ಲಿ ರೈಲ್ವೆಯಲ್ಲಿ ಕೆಲಸ. ಅವಳು ಬರುವ ತನಕ ಹೆಣ ಎತ್ತುವ ಹಾಗಿರಲಿಲ್ಲ. ಕಾಯುವ ಜನಕ್ಕೆ ಮಾತು ಬೇಕಲ್ಲ, ದಾಸಣ್ಣನ ಊಟದ ವಿಷಯ ಎತ್ತಿಕೊಂಡರು.

“ದಿನಾ ನಡೆದ, ಎಣ್ಣೆ ಬಿಟ್ಟ, ಸಕ್ಕರೆ ಬಿಟ್ಟ. ಏನ್ ಸಿಕ್ತು ಹೇಳು?” ಎಂದ ಒಬ್ಬ.

“ಗ್ಯಾಸ್ ಉಳೀತಲ್ಲ,” ಎಂದ ಹನುಮಂತಯ್ಯ. “ಸಿಲಿಂಡರ್ ತರೋನು ಒಂದ್ಸಲ ನನ್ನೇ ಕೇಳಿದ್ದ, ಇವ್ರು ನಿಮ್ಮನೇಲಿ ಉಣ್ತಾರೇನ್ರೀ ಅಂತ.”

ಅಲ್ಲಲ್ಲಿ ನಗು ಬಂತು; ನಕ್ಕವರು ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಸ್ಟವ್ ರಿಪೇರಿ ಮಾಡಿ ಬದುಕಿದವನು ತನ್ನ ಮನೆಯ ಒಲೆಯನ್ನೇ ಆರಿಸಿ ಕೂತನಲ್ಲ ಎಂಬುದು ಊರಿನ ಹಳೆಯ ತಮಾಷೆ. ಜುಗ್ಗ ಎನ್ನುತ್ತಿದ್ದರು. ಪಾಪ, ಸಕ್ಕರೆ ಕಾಯಿಲೆಯವನು ಎಂದೂ ಸೇರಿಸುತ್ತಿದ್ದರು.

ಖಾತುನ್ ಬೀ ತನ್ನ ಮನೆಯಿಂದ ಟೀ ತಂದು ಎಲ್ಲರಿಗೂ ಕೊಟ್ಟಳು. ಹೊನ್ನಕ್ಕನ ಮುಂದೆ ಒಂದು ಲೋಟ ಇಟ್ಟಳು.

“ಕಟ್ಕಂಡೋಳು ಮಣ್ಣು ಮಾಡೋ ತನಕ ನೀರೂ ಮುಟ್ಟಂಗಿಲ್ಲ ಕಣಮ್ಮ,” ಎಂದ ಕಾಟಲಿಂಗಪ್ಪ.

“ಗಂಟ್ಲು ಒಣಗಿರ್ತೈತಲ್ಲ ಅಣ್ಣ.”

“ಒಂದು ದಿನಕ್ಕೆ ಏನೂ ಆಗಲ್ಲ.”

ಲೋಟ ವಾಪಸ್ ಹೋಯಿತು. ಹೊನ್ನಕ್ಕನ ಅಂಗೈ ಬೆವೆತಿತ್ತು. ಹೊಟ್ಟೆಯೊಳಗೆ ಯಾರೋ ಹಿಂಡಿದ ಹಾಗೆ ಹಸಿವು. ಗಂಡ ಸತ್ತ ದಿನ ಹೀಗೆ ಹಸಿವಾಗುವುದಕ್ಕೆ ಅವಳಿಗೆ ನಾಚಿಕೆಯಾಯಿತು. ಹೇಳಿಬಿಡಬಹುದಿತ್ತು. ಒಂದೇ ಮಾತು. ಆದರೆ ಆ ಮಾತಿನ ಹಿಂದೆ ಇನ್ನೆಷ್ಟು ಮಾತು ಹೇಳಬೇಕಾಗುತ್ತದೆಂದು ನೆನೆದು ಸುಮ್ಮನಾದಳು.

ಆಗ ಕುರ್ಚಿಯಿಂದ ದಾಸಣ್ಣ ಮಾತಾಡಿದ.

“ಏಳು, ಏಳು. ಕುಂತಿದ್ದು ಸಾಕು. ಒಂದು ಸುತ್ತು ಓಡಾಡು.”

ಹೆಂಗಸರು ಕಿರುಚಿದರು. ಬಾಗಿಲ ಹತ್ತಿರ ಕೂತಿದ್ದ ಮುದುಕಿಯೊಬ್ಬಳು ಎಲ್ಲರಿಗಿಂತ ಮೊದಲು ಅಂಗಳದಲ್ಲಿದ್ದಳು. ಕಾಟಲಿಂಗಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಅದು ಯಾರಿಗೂ ಕಾಣಲಿಲ್ಲವೆಂದು ಖಾತ್ರಿ ಮಾಡಿಕೊಂಡು ಮುಂದೆ ಬಂದ.

“ಏಳು, ಏಳು. ಕುಂತಿದ್ದು ಸಾಕು.”

“ಮೊಬೈಲ್ ಕಣ್ರೋ! ಜೇಬಲ್ಲೈತೆ,” ಎಂದ ಹನುಮಂತಯ್ಯ. “ತನ್ ದನೀನ ತಾನೇ ತುಂಬಿಸ್ಕಂಡವ್ನೆ. ತನಗೆ ತಾನೇ ಬುದ್ಧಿ ಹೇಳ್ಕಳೋಕೆ!”

ತನಗಲ್ಲ, ನನಗೆ, ಎಂದು ಹೊನ್ನಕ್ಕ ಮನಸ್ಸಿನಲ್ಲೇ ಅಂದಳು. ಟಿವಿ ಮುಂದೆ ಕೂತರೆ ಏಳದ ಅವಳನ್ನು ಎಬ್ಬಿಸಲು ಅವನು ಮಾಡಿದ್ದ ಉಪಾಯ ಅದು. ಆ ದನಿ ಕೇಳಿದ ಕೂಡಲೇ ಬೈದುಕೊಂಡು ಏಳುತ್ತಿದ್ದಳು. ಈಗಲೂ ಕಾಲು ತಾವಾಗಿಯೇ ಏಳಲು ನೋಡಿದವು, ಆಗಲಿಲ್ಲ.

ಕಾಟಲಿಂಗಪ್ಪ ಹೆಣದ ಜೇಬಿಗೆ ಕೈ ಹಾಕಿ ಮೊಬೈಲ್ ತೆಗೆದು ಅದರ ಬಾಯಿ ಮುಚ್ಚಿಸಿದ. ಮೊಬೈಲಿನ ಜೊತೆಗೇ ಒಂದು ಕಾಗದದ ಪೊಟ್ಟಣ ಬಂತು. ಬಿಡಿಸಿದರೆ ಬೆಲ್ಲದ ಚೂರು.

“ಅಯ್ಯೋ ಶಿವನೇ! ಕದ್ದು ತಿಂತಿದ್ದ!”

ಪೊಟ್ಟಣ ಕೈಯಿಂದ ಕೈಗೆ ಹೋಯಿತು. ಊರಿಗೆಲ್ಲ ಬೆಲ್ಲ ಬಿಡಿ, ಸಕ್ಕರೆ ಬಿಡಿ ಎಂದು ಹೇಳುತ್ತಿದ್ದವನ ಜೇಬಲ್ಲಿ ಬೆಲ್ಲ! ಯಾರಿಗೂ ಸಿಟ್ಟು ಬರಲಿಲ್ಲ. ಬದಲಿಗೆ ಆ ಚೂರು ನೋಡಿ ಎಲ್ಲರಿಗೂ ದಾಸಣ್ಣನ ಮೇಲೆ ಎಂದೂ ಇಲ್ಲದ ಪ್ರೀತಿ ಹುಟ್ಟಿತು. ಕಾಟಲಿಂಗಪ್ಪನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಚಿಕ್ಕಂದಿನಲ್ಲಿ ಇಬ್ಬರೂ ಸೇರಿ ಆಲೆಮನೆಯಲ್ಲಿ ಬೆಲ್ಲ ಕದ್ದವರು.

“ಆಸೆ ಇತ್ತು ಕಣ್ರಯ್ಯ, ಪಾಪ. ಆಸೆ ಇಟ್ಕಂಡು ಹೋಗಬಾರದು. ಬಾಯಿಗೆ ಅಕ್ಕಿ ಹಾಕೋ ಬದ್ಲು ಇವ್ನಿಗೆ ಸಕ್ಕರೆ ಹಾಕಾಣ. ಅನುಸೂಯ ಬರ್ಲಿ, ಎಲ್ರೂ ಒಂದೊಂದು ಚಿಟಿಕೆ ಹಾಕ್ರಿ. ಹೊಟ್ಟೆ ತುಂಬ ತಿಂದ್ಕಂಡು ಹೋಗ್ಲಿ.”

ಮನೆಯ ಡಬ್ಬಗಳನ್ನೆಲ್ಲ ತಡಕಾಡಿದರೂ ಒಂದು ಚಮಚ ಸಕ್ಕರೆ ಸಿಗಲಿಲ್ಲ. ಖಾತುನ್ ಬೀ ತನ್ನ ಮನೆಗೆ ಓಡಿದಳು.

* * *

ಹೆದ್ದಾರಿ ಅಗಲವಾಗುವ ಮೊದಲು ಅಲ್ಲಿ ಹೊನ್ನಕ್ಕನ ಹೋಟೆಲ್ ಇತ್ತು. ಲಾರಿಯವರು ಹಿರಿಯೂರಿನಲ್ಲಿ ಹಸಿವಾದರೂ ತಡೆದುಕೊಂಡು ಐಮಂಗಲಕ್ಕೆ ಬಂದು ಅವಳ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದರು. ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ. ಯಾರಾದರೂ ಸಕ್ಕರೆ ಇಲ್ಲದ ಟೀ ಕೇಳಿದರೆ ಸಾಕು, “ಯಾಕಪ್ಪ, ಸಕ್ಕರೆ ಎಲ್ಲ ಒಳಗೇ ಬೆಳ್ಕಂಡಿದ್ದೀಯ? ನಮಗೂ ಒಂಚೂರು ಕೊಡು,” ಎಂದು ಇಡೀ ಹೋಟೆಲ್ ಕೇಳುವ ಹಾಗೆ ಕೂಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಬೈಸಿಕೊಂಡವನೂ ನಗುತ್ತಿದ್ದ.

ಹೋಟೆಲ್ ಮುಚ್ಚಿ ಒಂದೆರಡು ವರ್ಷವಾಗಿತ್ತು. ಅವಳ ಕಾಲಿನ ಗಾಯ ಮಾಯಲಿಲ್ಲವೆಂದು ಹಿರಿಯೂರಿನ ಡಾಕ್ಟರ ಹತ್ತಿರ ಹೋದಾಗ ಅವರು ರಕ್ತ ನೋಡಿ, ನಿಮಗೆ ಸಕ್ಕರೆ ಕಾಯಿಲೆ ಇದೆ ಎಂದರು. ಇನ್ಸುಲಿನ್ ತಗೊಳ್ಳಬೇಕು, ಊಟ ಬದಲಾಯಿಸಬೇಕು, ನಡೆಯಬೇಕು. ಸೂಜಿ ತಗೊಂಡು ಊಟ ತಪ್ಪಿಸಿದರೆ ಕೈ ನಡುಗುತ್ತದೆ, ಬೆವರು ಬರುತ್ತದೆ, ಹಾಗೇ ಬಿಟ್ಟರೆ ಪ್ರಜ್ಞೆ ಹೋಗುತ್ತದೆ. ಆಗ ತಕ್ಷಣ ಸಕ್ಕರೆಯೋ ಬೆಲ್ಲವೋ ಬಾಯಿಗೆ ಹಾಕಿಕೊಳ್ಳಿ ಎಂದರು.

ವಾಪಸ್ ಬರುವ ಬಸ್ಸಿನಲ್ಲಿ, ಐಮಂಗಲ ಹತ್ತಿರವಾದಾಗ ಅವಳು ಗಂಡನ ತೋಳು ಹಿಡಿದುಕೊಂಡಳು.

“ಊರಿಗೆ ಗೊತ್ತಾಗಬಾರದು.”

“ಗೊತ್ತಾದ್ರೆ ಏನಾಗ್ತೈತೆ?”

“ಎಷ್ಟು ಜನನ್ನ ಆಡ್ಕಂಡಿದ್ದೀನಿ ನಾನು. ಒಬ್ಬೊಬ್ಬರೂ ಬಂದು ಕೇಳ್ತಾರೆ. ನನ್ ಕೈಲಾಗಲ್ಲ.”

ಬಸ್ಸಿಳಿದದ್ದೇ ಎದುರಾದ ಹನುಮಂತಯ್ಯ, ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ.

“ಆಸ್ಪತ್ರೆಗೆ ಕಣಪ್ಪ,” ಎಂದ ದಾಸಣ್ಣ. “ನಂಗೆ ಸಕ್ಕರೆ ಕಾಯಿಲೆ ಅಂತೆ.”

ಅಲ್ಲಿಗೆ ಆಯಿತು. ಹೇಳಿದ ಮೇಲೆ ಹಾಗೆ ಬದುಕಬೇಕಲ್ಲ. ಔಷಧಿ ಅಂಗಡಿಗೆ ಅವನೇ ಹೋದ. ಮದುವೆ ಮನೆಯಲ್ಲಿ ಹೋಳಿಗೆ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿದು, “ನಂಗೂ ಬ್ಯಾಡ, ಅವಳಿಗೂ ಬ್ಯಾಡ. ಅವಳು ತಿಂದ್ರೆ ನಂಗೆ ಆಸೆ ಆಗ್ತೈತೆ,” ಎಂದ. ಸಂಜೆ ನಡೆಯಲು ಹೊರಟರೆ, ನನಗೊಬ್ಬನಿಗೇ ಬೇಜಾರು ಎಂದು ಎಲ್ಲರೆದುರು ಅವಳನ್ನೂ ಎಳೆದುಕೊಂಡು ಹೋದ. ಗಂಡನ ಕಾಯಿಲೆಗೆ ಹೊನ್ನಕ್ಕ ಬಾಯಿ ಕಟ್ಟಿದ್ದಾಳೆ ಎಂದು ಊರು ಅವಳನ್ನು ಹೊಗಳಿತು. ಮೊದಮೊದಲು ಆ ಹೊಗಳಿಕೆ ಅವಳಿಗೆ ಚುಚ್ಚುತ್ತಿತ್ತು. ಬರಬರುತ್ತ ಅಭ್ಯಾಸವಾಯಿತು. ಅವನಿಗಂತೂ ಈ ಹೊಸ ಬದುಕು ಆಟದ ಹಾಗೆ ಹಿಡಿಸಿಬಿಟ್ಟಿತು. ಯಾವ ಕಾಳು ಎಷ್ಟು ಹೊತ್ತು ನೆನೆಯಬೇಕು, ಡಬ್ಬದೊಳಗೆ ಹತ್ತಿ ಸೀರೆ ವಾಸಿಯೋ ನೈಲಾನ್ ಸೀರೆ ವಾಸಿಯೋ ಎಂದು ದಿನಕ್ಕೊಂದು ಪ್ರಯೋಗ. ಬೇಯದೆ ಉಳಿದ ದಿನ ಇಬ್ಬರೂ ಗಟ್ಟಿ ಕಾಳು ಅಗಿಯುತ್ತ ಜಗಳವಾಡುತ್ತಿದ್ದರು. ಆ ಜಗಳದಲ್ಲಿ ಅವಳು ಸುಖವಾಗಿದ್ದಳು.

* * *

ಅನುಸೂಯ ಆಟೋದಿಂದ ಇಳಿದು ಓಡಿಬಂದು ಅಪ್ಪನ ಕಾಲ ಮೇಲೆ ಬಿದ್ದಳು. ಅವಳ ಅಳು ನೋಡಿ ಅತ್ತು ಮುಗಿಸಿದವರೂ ಮತ್ತೆ ಅತ್ತರು. ಅಷ್ಟರಲ್ಲಿ ದಾಸಣ್ಣನಿಗೆ ಸ್ನಾನ ಮಾಡಿಸಿ, ಬಿಳಿ ಪಂಚೆ ಉಡಿಸಿ, ಕುರ್ಚಿಯನ್ನು ಅಂಗಳಕ್ಕೆ ತಂದಿದ್ದರು. ಪಕ್ಕದಲ್ಲಿ ಸ್ಟೀಲಿನ ತಟ್ಟೆ, ತಟ್ಟೆ ತುಂಬ ಸಕ್ಕರೆ.

“ಬಾಮ್ಮ, ಮೊದ್ಲು ನೀನು ಹಾಕು,” ಎಂದ ಕಾಟಲಿಂಗಪ್ಪ.

“ಸಕ್ಕರೆ ಯಾಕೆ ದೊಡ್ಡಪ್ಪ?”

“ಆಸೆ ಇತ್ತಮ್ಮ ನಿಮ್ಮಪ್ಪಂಗೆ. ಕಾಯಿಲೆ ಬಿಡ್ಲಿಲ್ಲ.”

ಅನುಸೂಯ ಒಂದು ಚಿಟಿಕೆ ತೆಗೆದು ಅಪ್ಪನ ತುಟಿಗೆ ಇಟ್ಟಳು. “ನಾನು ತಂದ ಪೇಡೆನೆಲ್ಲ ವಾಪಸ್ ಕಳಿಸ್ತಿದ್ದೆಯಲ್ಲಪ್ಪ. ತಿನ್ನಪ್ಪ ಈಗ. ಇನ್ನು ಯಾವ ಕಾಯಿಲೆನೂ ಏನೂ ಮಾಡಲ್ಲ ನಿಂಗೆ.”

ಹನುಮಂತಯ್ಯ ಹಾಕಿದ. ಕಾಟಲಿಂಗಪ್ಪ ಹಾಕಿದ. ಹೆಂಗಸರು ಸಾಲಾಗಿ ಬಂದರು. “ನಾಲಿಗೆ ಚಪಲ ಜಾಸ್ತಿ ಇತ್ತಂತೆ ವಯಸ್ನಲ್ಲಿ, ಅದಕ್ಕೇ ಬಂದಿದ್ದು ಕಾಯಿಲೆ,” ಎಂದು ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿದ್ದು ಹೊನ್ನಕ್ಕನಿಗೂ ಕೇಳಿತು.

ಅವಳ ಸೆರಗು ಬೆವರಿನಿಂದ ತೊಯ್ದಿತ್ತು. ಮುಖಗಳು ಒಂದರ ಮೇಲೊಂದು ಜಾರುತ್ತಿದ್ದವು. ಹೀಗೇ ಹೋಗಿಬಿಟ್ಟರೆ, ಅವನ ಪಕ್ಕದಲ್ಲೇ ಒಂದು ಗುಂಡಿ, ಎಂಬ ಯೋಚನೆ ಬಂತು; ಅದು ಅಷ್ಟೇನೂ ಕೆಟ್ಟದ್ದು ಅನಿಸಲಿಲ್ಲ. ಆದರೆ ಆ ಮಾತು, ನಾಲಿಗೆ ಚಪಲ ಎಂಬ ಮಾತು, ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಅವಳ ಕಾಯಿಲೆಯನ್ನು ಅವನು ಇಷ್ಟು ದಿನ ಹೊತ್ತ. ಮಣ್ಣಿಗೆ ಹೋಗುವಾಗಲೂ ಹೊತ್ತುಕೊಂಡು ಹೋಗಬೇಕೇ?

“ಕೊನೇಗೆ ನೀನು ಹಾಕಮ್ಮ,” ಎಂದ ಕಾಟಲಿಂಗಪ್ಪ.

ಅನುಸೂಯ, ಖಾತುನ್ ಬೀ ಎರಡೂ ಕಡೆ ಹಿಡಿದು ಎಬ್ಬಿಸಿದರು. ಅವಳ ಕೈ ನಡುಗುವುದನ್ನು ನೋಡಿ ಹೆಂಗಸರು ಗೋಳೋ ಎಂದರು. ಹೊನ್ನಕ್ಕ ಚಿಟಿಕೆ ತೆಗೆಯಲಿಲ್ಲ. ಇಡೀ ಅಂಗೈಯನ್ನು ತಟ್ಟೆಗೆ ಹಾಕಿ ಒಂದು ಹಿಡಿ ಸಕ್ಕರೆ ಎತ್ತಿದಳು. ಗಂಡನ ಮುಖದ ತನಕ ಹೋದ ಕೈ ಅಲ್ಲಿ ನಿಂತಿತು. ಆಮೇಲೆ ಆ ಹಿಡಿಯನ್ನು ತನ್ನ ಬಾಯಿಗೆ ಹಾಕಿಕೊಂಡಳು.

ಅನುಸೂಯ ಅಮ್ಮನ ಭುಜ ಹಿಡಿದಳು.

“ಅವ್ವಾ, ಏನಿದು?”

ಅವಳು ಅಗಿದಳು. ಇನ್ನೊಂದು ಹಿಡಿ ತೆಗೆದಳು. ಗಲ್ಲದ ಮೇಲೆ, ಸೆರಗಿನ ಮೇಲೆ ಸಕ್ಕರೆ ಚೆಲ್ಲಿತು.

“ತಲೆ ಕೆಟ್ಟೈತೆ ಪಾಪ. ಹಿಡ್ಕಳ್ರಿ ಯಾರಾದ್ರೂ,” ಎಂದ ಹನುಮಂತಯ್ಯ.

“ತಲೆ ನೆಟ್ಟಗೈತೆ,” ಎಂದಳು ಹೊನ್ನಕ್ಕ. ದನಿ ಸಣ್ಣಗಿದ್ದರೂ ಹೋಟೆಲಿನ ದಿನಗಳ ಹಾಗೆ ಎಲ್ಲರಿಗೂ ಕೇಳಿತು. “ಕಾಯಿಲೆ ಅವರದಲ್ಲ. ನಂದು. ಬೆಳಿಗ್ಗೆ ಅವರೇ ಸೂಜಿ ಹಾಕಿ ಹೋದ್ರು. ನಾನು ಇನ್ನೂ ಏನೂ ತಿಂದಿಲ್ಲ.”

“ನಿಂದಾ?” ಕಾಟಲಿಂಗಪ್ಪನ ಕೈಯಲ್ಲಿ ತಟ್ಟೆ ವಾಲಿತು. “ಮತ್ತೆ ದಾಸ?”

“ಅವರಿಗೆ ಏನೂ ಇರ್ಲಿಲ್ಲ ಭಾವ. ಮೈಯಲ್ಲಿ ಒಂದು ಗುಲಗಂಜಿಯಷ್ಟೂ ಇರ್ಲಿಲ್ಲ. ನಂಗೆ ನಾಚಿಕೆ ಅಂತ ಕಾಯಿಲೆ ತಮ್ದೇ ಅಂದ್ರು. ಆ ಬೆಲ್ಲನೂ ನಂಗೇ ಇಟ್ಕಂಡಿದ್ದು, ದಾರೀಲಿ ಹಿಂಗೇನಾದ್ರೂ ಆದ್ರೆ ಅಂತ.”

ಅಷ್ಟು ಹೇಳಿ ಅವಳು ಕುರ್ಚಿಯ ಕಾಲಿಗೆ ಒರಗಿ ಕೂತುಬಿಟ್ಟಳು. ಅನುಸೂಯ ಅಮ್ಮನ ಮುಖವನ್ನೂ ಅಪ್ಪನ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು. ಆಮೇಲೆ ಕಾಟಲಿಂಗಪ್ಪನ ಕೈಯಿಂದ ತಟ್ಟೆ ಕಿತ್ತುಕೊಂಡು ಅಮ್ಮನ ಪಕ್ಕ ಕುಕ್ಕರಿಸಿ, ಒಂದೊಂದು ಚಿಟಿಕೆಯನ್ನೇ ಅವಳ ಬಾಯಿಗೆ ಇಡತೊಡಗಿದಳು. ಖಾತುನ್ ಬೀ ಆಗಲೇ ತನ್ನ ಮನೆಯ ಬಾಗಿಲಲ್ಲಿದ್ದಳು.

ಎಲ್ಲರೂ ಕಾಟಲಿಂಗಪ್ಪನನ್ನು ನೋಡಿದರು. ಅವನು ತಲೆಗೆ ಸುತ್ತಿದ್ದ ಟವಲ್ ಬಿಚ್ಚಿ ಮುಖ ಒರೆಸಿಕೊಂಡ. ದಾಸಣ್ಣನನ್ನು ಬಹಳ ಹೊತ್ತು ನೋಡಿದ. ಚಿಕ್ಕಂದಿನಿಂದ ಬಲ್ಲ ಮುಖವನ್ನು ಹೊಸದಾಗಿ ನೋಡುವ ಹಾಗಿತ್ತು ಅದು. ಆಮೇಲೆ ತಾನೇ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಹೊನ್ನಕ್ಕನ ಮುಂದೆ ಇಟ್ಟ.

“ಗುಂಡಿ ಆಗೈತಂತೆ, ಹೊತ್ತಾಗ್ತೈತೆ,” ಎಂದು ಖಾಲಿ ಚಟ್ಟ ಎತ್ತಿ ತಂದ ಹೊರುವವರಲ್ಲಿ ಒಬ್ಬ ಕೂಗಿದ.

“ಆಗ್ಲಿ, ಇಳಿಸ್ರೋ ಚಟ್ಟನ,” ಎಂದ ಕಾಟಲಿಂಗಪ್ಪ. “ಅವಳು ಉಣ್ತಾವ್ಳೆ.”

ಖಾತುನ್ ಬೀ ಬಿಸಿ ಜೋಳದ ರೊಟ್ಟಿ, ಬೇಳೆ ಪಲ್ಯ ತಂದಳು. ಹೊರುವವರು ಚಟ್ಟವನ್ನು ನೆಲಕ್ಕಿಟ್ಟು ಅಂಗಳದ ಅಂಚಿನಲ್ಲಿ ಸಾಲಾಗಿ ಕುಕ್ಕರಿಸಿದರು. ಹೊನ್ನಕ್ಕ ರೊಟ್ಟಿ ಮುರಿದು ಮುರಿದು, ಅಳುತ್ತ, ನಿಧಾನವಾಗಿ ತಿಂದಳು. ಮೇಲೆ ಕುರ್ಚಿಯಲ್ಲಿ ದಾಸಣ್ಣ ಕೂತಿದ್ದ. ಇಬ್ಬರ ತುಟಿಗೂ ಸಕ್ಕರೆ ಅಂಟಿತ್ತು.